ಅಪ್‌ಡೇಟ್: ಮಗಳ ಹೃದಯದ ತೊಂದರೆ ಮತ್ತು ಜಿಂಕ್ ಸಿರಪ್

ಹೋದ ತಿಂಗಳು ಕೇಳಿದ್ದೆ, ನೆನಪಿದೆಯಾ? ಆರು ವರ್ಷದ ಮಗಳಿಗೆ ಡೈಲೇಟೆಡ್ ಕಾರ್ಡಿಯೊಮಯೋಪತಿ, ಅಂದರೆ ಹೃದಯದ ಸ್ನಾಯು ಹಿಗ್ಗಿ ಪಂಪಿಂಗ್ ಕಡಿಮೆಯಾಗುವ ಕಾಯಿಲೆ. ಭೇದಿಯಾದಾಗ ತಂದ ಜಿಂಕ್ ಸಿರಪ್ ಮನೆಯಲ್ಲಿತ್ತು. ಹೃದಯಕ್ಕೆ ಒಳ್ಳೆಯದಾಗಲಿ ಅಂತ ಅದನ್ನೇ ದಿನಾ ಕೊಡಬಹುದಾ ಅಂತ ಕೇಳಿದ್ದೆ.

ಮಳೆಯಲ್ಲೇ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹೋಗಿ ತೋರಿಸಿದೆವು. ನಾನು ಆಗಲೇ ನಾಲ್ಕು ದಿನ ಕೊಟ್ಟಿದ್ದೆ. ಡಾಕ್ಟರ್ ಹತ್ತಿರ ಚೆನ್ನಾಗಿ ಬೈಸಿಕೊಂಡೆ.

ಈ ಕಾಯಿಲೆಯ ಕೆಲವು ಮಕ್ಕಳಲ್ಲಿ ಜಿಂಕ್ ಕಡಿಮೆ ಇರುವುದು ನಿಜವಂತೆ. ಊಟ ಸೇರುವುದಿಲ್ಲ, ನೀರು ಇಳಿಸುವ ಮಾತ್ರೆಯಿಂದ ಮೂತ್ರದಲ್ಲೂ ಒಂದಿಷ್ಟು ಹೋಗಬಹುದು. ಹಾಗಂತ ಜಿಂಕ್ ಕೊಟ್ಟರೆ ಹೃದಯ ಸರಿಹೋಗುತ್ತದೆ ಅಂತಲ್ಲ. ಭೇದಿಗೆ ಕೊಡುವ 20 ಮಿಲಿಗ್ರಾಂ ಲೆಕ್ಕ 10ರಿಂದ 14 ದಿನಕ್ಕೆ ಮಾತ್ರ. ತಿಂಗಳುಗಟ್ಟಲೆ ಜಾಸ್ತಿ ಕೊಟ್ಟರೆ ದೇಹ ತಾಮ್ರ ಹೀರಿಕೊಳ್ಳುವುದು ಕಡಿಮೆಯಾಗುತ್ತದೆ, ರಕ್ತಹೀನತೆ ಬರಬಹುದು. ಮೊದಲೇ ಸೋತ ಹೃದಯಕ್ಕೆ ಇನ್ನೊಂದು ಹೊರೆ, ಅಲ್ವಾ?

ರಕ್ತ ಪರೀಕ್ಷೆ ಅವತ್ತು ಆಗಲಿಲ್ಲ, ಅವಳಿಗೆ ಜ್ವರ. ಸೋಂಕಿದ್ದಾಗ ರಕ್ತದ ಜಿಂಕ್ ತಾನಾಗಿಯೇ ಇಳಿಯುತ್ತದಂತೆ. ವಾರ ಬಿಟ್ಟು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕೊಟ್ಟೆವು. ಸ್ವಲ್ಪ ಕಡಿಮೆ ಬಂತು. ಸಣ್ಣ ಡೋಸ್ ಬರೆದಿದ್ದಾರೆ, ಮೂರು ತಿಂಗಳಿಗೆ ಜಿಂಕ್ ಜೊತೆ ತಾಮ್ರವನ್ನೂ ನೋಡಬೇಕು. ಹೃದಯದ ಮಾತ್ರೆಗಳು ಹಾಗೇ ಮುಂದುವರಿದಿವೆ.

ಊಟಕ್ಕೆ ಮೊಟ್ಟೆ, ಮೀನು, ಮೊಳಕೆ ಹೆಸರುಕಾಳು. ಮೊಳಕೆ ಬಂದರೆ ಕಾಳಿನ ಜಿಂಕ್ ಚೆನ್ನಾಗಿ ದಕ್ಕುತ್ತದಂತೆ. ಅವಳಿಗೆ ಮಾತ್ರ ಅಜ್ಜಿಯ ಕಡುಬೇ ಬೇಕು. ಈಗ ಕಡುಬಿನ ಜೊತೆ ಮೊಳಕೆಕಾಳಿನ ಪಲ್ಯ ಅಂತ ರಾಜಿಯಾಗಿದೆ.