ಸಹಾಯ ಬೇಕು: ಲ್ಯಾಪ್‌ಟಾಪ್‌ನಲ್ಲಿ ತೆರೆಯುವ ಸೈಟ್ ಮೊಬೈಲ್‌ನಲ್ಲಿ ತೆರೆಯುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಅಕ್ಕನ ಟೈಲರಿಂಗ್ ಅಂಗಡಿಗೆ ನಾಲ್ಕು ಪುಟದ ಸೈಟ್ ಮಾಡಿದ್ದೇನೆ. ಬರೀ ಎಚ್‌ಟಿಎಂಎಲ್, ಸಿಎಸ್‌ಎಸ್ ಅಷ್ಟೇ. ಟರ್ಮಿನಲ್‌ನಲ್ಲಿ ಆ ಫೋಲ್ಡರ್‌ಗೆ ಹೋಗಿ ಪೈಥಾನ್‌ನ ಎಚ್‌ಟಿಟಿಪಿ ಸರ್ವರ್ ಓಡಿಸಿದರೆ, ಲೋಕಲ್‌ಹೋಸ್ಟ್ 8000ದಲ್ಲಿ (ಅಂದರೆ ಅದೇ ಲ್ಯಾಪ್‌ಟಾಪ್‌ನ ಬ್ರೌಸರ್‌ನಲ್ಲಿ, ಪೋರ್ಟ್ 8000) ಚೆನ್ನಾಗಿ ತೆರೆಯುತ್ತದೆ.

ಅದೇ ವೈಫೈಗೆ ಸೇರಿಸಿದ ಮೊಬೈಲ್‌ನಲ್ಲಿ ಲ್ಯಾಪ್‌ಟಾಪ್‌ನ ಐಪಿ (ನೆಟ್‌ವರ್ಕ್ ವಿಳಾಸ), ಜೊತೆಗೆ :8000 ಹಾಕಿದರೆ ಸುಮ್ನೆ ಸುತ್ತುತ್ತಲೇ ಇರುತ್ತದೆ. ಫೈರ್‌ವಾಲ್ ಆಫ್ ಮಾಡಿ ನೋಡಿದೆ. ಪೋರ್ಟ್ 8080ಕ್ಕೆ ಬದಲಿಸಿದೆ. ಊಹೂಂ.

ತಲೆಕೆಡಿಸಿದ್ದು ಇದು: ಟರ್ಮಿನಲ್‌ನಲ್ಲಿ 0.0.0.0 ಅಂತಲೇ ತೋರಿಸುತ್ತದೆ. ಅಂದರೆ ಹೊರಗಿನ ಸಾಧನದಿಂದ ಕೋರಿಕೆ ಬಂದರೂ ಸರ್ವರ್ ಉತ್ತರ ಕೊಡಬೇಕು ಅಲ್ವಾ? ಆದರೆ ಮೊಬೈಲ್‌ನಿಂದ ಕೇಳಿದಾಗ ಟರ್ಮಿನಲ್‌ನಲ್ಲಿ ಒಂದು ಸಾಲೂ ಮೂಡುವುದಿಲ್ಲ. ಮೊಬೈಲ್ ಹಾಟ್‌ಸ್ಪಾಟ್‌ಗೆ ಲ್ಯಾಪ್‌ಟಾಪ್ ಸೇರಿಸಿದರೆ ಮಾತ್ರ ತಕ್ಷಣ ತೆರೆಯಿತು!

ಹಾಗಾದರೆ ಮನೆಯ ರೌಟರೇ ತಡೆಯುತ್ತಿದೆಯಾ? ಹೌದಾದರೆ ಅದರಲ್ಲಿ ಯಾವ ಸೆಟ್ಟಿಂಗ್ ಬದಲಿಸಬೇಕು?