ಯುಎಫ್‌ಡಬ್ಲ್ಯು ಫೈರ್‌ವಾಲ್‌ನಲ್ಲಿ ಮುಚ್ಚಿದ್ದರೂ ಸೋಲರ್‌ನ 8983 ಪೋರ್ಟ್ ಹೊರಗಿನಿಂದ ತೆರೆಯುತ್ತಿದೆ

ಪುಸ್ತಕದಹುಳು:
ಕಾಲೇಜು ಲೈಬ್ರರಿಯ ಪುಸ್ತಕ ಹುಡುಕಾಟಕ್ಕೆ ಅಪಾಚೆ ಸೋಲರ್ 9 (ಸರ್ಚ್ ಸಾಫ್ಟ್‌ವೇರ್) ಅನ್ನು ಡಾಕರ್‌ನಲ್ಲಿ, ಅಂದರೆ ಪ್ರತ್ಯೇಕ ಕಂಟೇನರಿನೊಳಗೆ ಹಾಕಿದ್ದೇವೆ. ಉಬುಂಟು ಸರ್ವರ್, ಯುಎಫ್‌ಡಬ್ಲ್ಯು ಆನ್ ಇದೆ. 22, 80, 443 ಪೋರ್ಟ್ ಬಿಟ್ಟು ಎಲ್ಲ ಡಿನೈ. ಆದರೂ ಮೊಬೈಲ್ ಡೇಟಾದಿಂದ ಸರ್ವರ್ ಐಪಿಗೆ 8983 ಸೇರಿಸಿ ಹೊಡೆದರೆ ಪಾಸ್‌ವರ್ಡ್ ಕೂಡ ಕೇಳದೆ ಅಡ್ಮಿನ್ ಪುಟ ಬರುತ್ತದೆ! ಸೋಲರ್ 9 ಲೋಕಲ್‌ಹೋಸ್ಟ್‌ಗೆ (ಅದೇ ಮೆಷಿನ್‌ಗೆ, 127.0.0.1) ಮಾತ್ರ ಉತ್ತರಿಸುತ್ತದೆ ಅಂತ ಓದಿದ್ದೆ. ಎಲ್ಲಿ ಸೋರುತ್ತಿದೆ?

ಟರ್ಮಿನಲ್_ತಮ್ಮ:
ಡಾಕರ್ ಸೆಟ್ಟಿಂಗ್ ಬರೆದಿರೋ ಕಂಪೋಸ್ ಫೈಲ್‌ನ ಪೋರ್ಟ್ಸ್ ಸಾಲಿನಲ್ಲಿ 8983:8983 ಅಂತಿದೆಯಾ? ಹಾಗಿದ್ದರೆ ಅದೇ, ಪೋರ್ಟ್ ಎಲ್ಲರಿಗೂ ತೆರೆದಂತೆ.

ಕಡಲತಡಿ:
ಯುಎಫ್‌ಡಬ್ಲ್ಯುವನ್ನು ಬೈಬೇಡಿ ಮಾರಾಯ್ರೆ, ಆ ಪ್ಯಾಕೆಟ್ ಅದರ ಕೈಗೆ ಸಿಗುವುದೇ ಇಲ್ಲ. ನೀವು ಹಾಕಿದ ಡಿನೈ ಕೂತಿರುವುದು ಐಪಿಟೇಬಲ್ಸ್‌ನ (ಲಿನಕ್ಸ್‌ನ ಪ್ಯಾಕೆಟ್ ನಿಯಮಗಳ ಪಟ್ಟಿ) ಇನ್‌ಪುಟ್ ಚೈನ್‌ನಲ್ಲಿ, ಅದು ಈ ಮೆಷಿನ್ನಿಗೇ ಬರುವ ಪ್ಯಾಕೆಟ್‌ಗಳದ್ದು. ಡಾಕರ್ ಅದಕ್ಕಿಂತ ಮೊದಲೇ ನ್ಯಾಟ್ ಟೇಬಲ್‌ನಲ್ಲಿ ವಿಳಾಸವನ್ನು ಕಂಟೇನರಿನದ್ದಾಗಿ ಬದಲಿಸಿಬಿಡುತ್ತದೆ. ಆಮೇಲೆ ಪ್ಯಾಕೆಟ್ ಹೋಗುವುದು ಮುಂದಕ್ಕೆ ದಾಟಿಸುವ ಫಾರ್ವರ್ಡ್ ಚೈನ್ ಹಿಡಿದು, ಅಲ್ಲಿ ಡಾಕರ್‌ನದ್ದೇ ಕಾರುಬಾರು.

ಲೋಕಲ್‌ಹೋಸ್ಟ್ ಕತೆ ಸುಳ್ಳಲ್ಲ, ಆದರೆ ಅದು ನೇರ ಇನ್‌ಸ್ಟಾಲ್ ಮಾಡಿದವರಿಗೆ. ಡಾಕರ್ ಇಮೇಜಿನಲ್ಲಿ 0.0.0.0 (ಎಲ್ಲ ವಿಳಾಸಗಳಲ್ಲೂ ಉತ್ತರಿಸು) ಅಂತ ಮೊದಲೇ ಬರೆದುಂಟು. ಇಲ್ಲದಿದ್ದರೆ ಕಂಟೇನರಿನ ಒಳಗಿನ 127.0.0.1 ಅನ್ನು ನಿಮ್ಮ ವೆಬ್‌ಸೈಟೂ ಮುಟ್ಟಲಿಕ್ಕಾಗುವುದಿಲ್ಲ.

ಆ ಸಾಲನ್ನು 127.0.0.1:8983:8983 ಮಾಡಿ, ಕಂಟೇನರನ್ನು ಹೊಸದಾಗಿ ಎಬ್ಬಿಸಿ. ಬರೀ ರೀಸ್ಟಾರ್ಟ್ ಸಾಲದು. ಅಡ್ಮಿನ್ ಪುಟ ನೋಡಲಿಕ್ಕೆ ಎಸ್‌ಎಸ್‌ಎಚ್ ಟನಲ್ (ಸರ್ವರ್ ಲಾಗಿನ್ನಿನ ಒಳಗಿಂದ ಪೋರ್ಟ್ ತಲುಪುವ ದಾರಿ) ಸಾಕು.

ಪುಸ್ತಕದಹುಳು:
ನಿಂತಿತು, ಥ್ಯಾಂಕ್ಸ್ ಸರ್. ಆದರೆ ಪಿಎಚ್‌ಪಿ ಸೈಟ್ ಇರುವುದು ಇನ್ನೊಂದು ಮೆಷಿನ್‌ನಲ್ಲಿ, 10.0.0.5. ಅದಕ್ಕೊಂದಕ್ಕೇ ಬಿಡುವುದು ಹೇಗೆ? ಬ್ರೌಸರ್‌ನಿಂದಲೇ ನೇರ ಸೋಲರ್‌ಗೆ ಕೇಳಿಸೋಣ ಅಂತಾನೆ ನಮ್ಮ ಹುಡುಗ.

ಕಡಲತಡಿ:
ಆ ಹುಡುಗನಿಗೆ ಒಂದು ಚಾ ಕುಡಿಸಿ, ಬೇಡ ಅಂತ ಹೇಳಿ. ಬ್ರೌಸರ್ ಕೇಳಬೇಕಾದರೆ ಪೋರ್ಟನ್ನು ಊರಿಗೆಲ್ಲ ತೆರೆಯಬೇಕು. ಮತ್ತೆ ಯಾರಾದರೂ ಅಪ್‌ಡೇಟ್ ವಿಳಾಸಕ್ಕೆ *:* (ಅಂದರೆ ಎಲ್ಲ ದಾಖಲೆ) ಹಾಕಿ ಒಂದು ಡಿಲೀಟ್ ಕಳಿಸಿದರೆ ಕ್ಯಾಟಲಾಗ್ ಸೊನ್ನೆ. 2020ರ ಜುಲೈಯಲ್ಲಿ 'ಮಿಯಾಂವ್' ದಾಳಿ ಆದದ್ದು ನೆನಪುಂಟಾ? ಪಾಸ್‌ವರ್ಡ್ ಇಲ್ಲದ ಎಲಾಸ್ಟಿಕ್‌ಸರ್ಚ್, ಮೊಂಗೊಡಿಬಿ ಡೇಟಾಬೇಸ್‌ಗಳನ್ನು ಹುಡುಕಿ ಹುಡುಕಿ ಅಳಿಸಿದ್ದು. ದುಡ್ಡು ಕೂಡ ಕೇಳಲಿಲ್ಲ, ಸುಮ್ಮನೆ ಅಳಿಸಿ ಹೋದರು.

ಪೋರ್ಟನ್ನು ಸೋಲರ್ ಮೆಷಿನ್ನಿನ ಖಾಸಗಿ ಐಪಿಗೆ ಕಟ್ಟಿ. ಆಮೇಲೆ ಡಾಕರ್-ಯೂಸರ್ ಚೈನ್‌ನಲ್ಲಿ (ನಮ್ಮ ನಿಯಮಕ್ಕಂತಲೇ ಡಾಕರ್ ಬಿಟ್ಟ ಜಾಗ), ಆ ಇಂಟರ್‌ಫೇಸ್‌ನಿಂದ 8983ಕ್ಕೆ ಬರುವುದರಲ್ಲಿ 10.0.0.5ರದ್ದು ಬಿಟ್ಟು ಉಳಿದದ್ದನ್ನೆಲ್ಲ ಡ್ರಾಪ್ ಮಾಡಿ. ಒಂದು ವಿಷಯ ಗಮನಿಸಿ: ಪ್ಯಾಕೆಟ್ ಅಲ್ಲಿಗೆ ಬರುವಾಗ ವಿಳಾಸ, ಪೋರ್ಟ್ ಬದಲಾಗಿ ಆಗಿರುತ್ತದೆ. ಹೊರಗೆ 9000, ಒಳಗೆ 8983 ಅಂತ ಇಟ್ಟಿದ್ದರೂ ನಿಯಮದಲ್ಲಿ ಬರೆಯಬೇಕಾದದ್ದು 8983. ರೀಬೂಟ್ ಆದಾಗ ನಿಯಮ ಅಳಿಸಿ ಹೋಗದ ಹಾಗೆ ಸೇವ್ ಮಾಡಿ. ಸೋಲರ್‌ನ ಬೇಸಿಕ್ ಆಥ್ (ಹೆಸರು, ಪಾಸ್‌ವರ್ಡ್ ಕೇಳುವುದು) ಕೂಡ ಇರಲಿ, ಆ ಪಿಎಚ್‌ಪಿ ಮೆಷಿನ್ನಿಗೇ ಯಾರಾದರೂ ನುಗ್ಗಿದರೆ?

ಟರ್ಮಿನಲ್_ತಮ್ಮ:
ಡಾಕರ್ ವರ್ಶನ್ನೂ ನೋಡ್ಕೊಳ್ಳಿ. 28ಕ್ಕಿಂತ ಹಳೇದಾದ್ರೆ, 127.0.0.1ಗೆ ಕಟ್ಟಿದ ಪೋರ್ಟನ್ನೂ ಅದೇ ಲ್ಯಾನ್‌ನಲ್ಲಿರೋ ಇನ್ನೊಂದು ಮೆಷಿನ್ ಮುಟ್ಟಬಹುದು.