ಗ್ರಂಥಪಾಲಕರಿಗೂ ಮಾಹಿತಿ ತಜ್ಞರಿಗೂ ಒಂದೇ ಸಂಘ: ವಿಲೀನ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ?

'ಪರಾಮರ್ಶೆ ಮೇಜು' ಎಂಬ ಅಡ್ಡಹೆಸರಿನವರು ಕೇಳಿದ್ದು:

ನಮ್ಮ ರಾಜ್ಯದಲ್ಲಿ ಕಾಲೇಜು ಗ್ರಂಥಪಾಲಕರದು ಒಂದು ದಾರಿ, ಸಾರ್ವಜನಿಕ ಗ್ರಂಥಾಲಯ ಇಲಾಖೆಯವರದು ಇನ್ನೊಂದು, 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೈಗೆ ಹೋದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಮೇಲ್ವಿಚಾರಕರದು ಮತ್ತೊಂದು. ಬೆಂಗಳೂರಿನ ಕಂಪನಿಗಳಲ್ಲಿ ಪೇಟೆಂಟ್ ಹುಡುಕಾಟ, ಟ್ಯಾಕ್ಸಾನಮಿ (ವಿಷಯ ವರ್ಗೀಕರಣ), ಮೆಟಾಡೇಟಾ (ದಾಖಲೆಗಳ ವಿವರ) ನೋಡಿಕೊಳ್ಳುವವರ ಹುದ್ದೆಯ ಹೆಸರಿನಲ್ಲಂತೂ 'ಗ್ರಂಥಪಾಲಕ' ಎಂಬ ಮಾತೇ ಇರುವುದಿಲ್ಲ. ಈಗಾಗಲೇ ನೋಂದಣಿಯಾದ ಎರಡು ಸಂಘಗಳು ಒಂದಾಗಿ ಇವರೆಲ್ಲರನ್ನೂ ಒಳಗೆ ಕರೆದುಕೊಳ್ಳಬೇಕಾದರೆ ಮೊದಲು ಇತ್ಯರ್ಥವಾಗಬೇಕಾದ್ದು ಏನು? ಬ್ರಿಟನ್ನಿನಲ್ಲಿ ಗ್ರಂಥಪಾಲಕರಿಗೂ ಮಾಹಿತಿ ತಜ್ಞರಿಗೂ ಒಂದೇ ಸಂಘವಾಗಿರುವ ಸಿಲಿಪ್‌ನ ಮಾದರಿ ನಮಗೆ ಹೊಂದುತ್ತದೆಯೇ?

'ಕೋಲನ್' ಎಂಬ ಅಡ್ಡಹೆಸರಿನವರ ಉತ್ತರ:

ಸದಸ್ಯತ್ವದ ದರ್ಜೆ. ಹೆಸರು, ಲಾಂಛನದ ಚರ್ಚೆ ಆಮೇಲೆ ಇಟ್ಟುಕೊಳ್ಳಿ.

ಸಿಲಿಪ್ ಹುಟ್ಟಿದ್ದು 2002ರ ಏಪ್ರಿಲ್ 1ರಂದು. 1877ರ ಲೈಬ್ರರಿ ಅಸೋಸಿಯೇಷನ್ ಮತ್ತು 1958ರ ಇನ್‌ಸ್ಟಿಟ್ಯೂಟ್ ಆಫ್ ಇನ್ಫರ್ಮೇಷನ್ ಸೈಂಟಿಸ್ಟ್ಸ್ ಸೇರಿ ಅದಾಯಿತು. ಎರಡನೆಯದನ್ನು ಕಟ್ಟಿದವರು ಸಂಶೋಧನಾ ವಿಭಾಗಗಳಲ್ಲಿ ಕೂತು ವೈಜ್ಞಾನಿಕ ಲೇಖನ ಹುಡುಕಿ ಸಾರಾಂಶ ಬರೆದುಕೊಡುತ್ತಿದ್ದ ವರ್ಗ. ನೀವು ಹೇಳುವ ಪೇಟೆಂಟ್ ಹುಡುಕಾಟದವರ ಹಿರಿಯರು ಎಂದುಕೊಳ್ಳಿ. ಒಂದೇ ಸಂಸ್ಥೆ ಬೇಕೆಂದು, ಗ್ರಂಥಾಲಯ ವಿಜ್ಞಾನದ ಪ್ರಾಧ್ಯಾಪಕರಾಗಿದ್ದ ವಿಲ್ಫ್ರೆಡ್ ಸಾಂಡರ್ಸ್ 1989ರಲ್ಲೇ ವಿವರವಾಗಿ ಬರೆದಿದ್ದರು. ಕೈಗೂಡಲು 13 ವರ್ಷ ಹಿಡಿಯಿತು. ಆಗ ಮಾತುಕತೆಯಲ್ಲಿದ್ದ ವಿಶೇಷ ಗ್ರಂಥಾಲಯಗಳ ಸಂಘ ಆಸ್ಲಿಬ್ (1924) ಕೊನೆಗೆ ಹೊರಗೇ ಉಳಿಯಿತು. ಅದರ ಸದಸ್ಯರು ಹೆಚ್ಚಾಗಿ ಸಂಸ್ಥೆಗಳು. ವ್ಯಕ್ತಿಗಳಿಗೆ ಅರ್ಹತೆ ಕೊಡುವ ಸಂಘದ ಜೊತೆ ಅಂಥದ್ದನ್ನು ಹೊಲಿಯುವುದು ಕಷ್ಟ. ನಿಮ್ಮಲ್ಲಿ 'ಸಾಂಸ್ಥಿಕ ಸದಸ್ಯತ್ವ' ಇದ್ದರೆ ಅದಕ್ಕೆ ಮತ ಉಂಟೋ ಇಲ್ಲವೋ ಎಂಬುದನ್ನು ಮೊದಲ ಕರಡಿನಲ್ಲೇ ಬರೆದುಬಿಡಿ.

ಅಲ್ಲಿ ಸೊನ್ನೆಯಿಂದ ಶುರು ಮಾಡಲಿಲ್ಲ. ಲೈಬ್ರರಿ ಅಸೋಸಿಯೇಷನ್ನಿಗೆ 1898ರ ರಾಜಸನ್ನದು (ರಾಜಮನೆತನದ ಮಾನ್ಯತಾ ಪತ್ರ) ಇತ್ತು, ಅದನ್ನೇ ತಿದ್ದಿ ಮುಂದುವರಿಸಿದರು. ಎರಡೂ ಕಡೆಯ ಅರ್ಹ ಸದಸ್ಯರಿಗೆ ಒಂದೇ ಅರ್ಹತಾ ಬಿರುದು ಎಂಸಿಎಲ್‌ಐಪಿ, ಫೆಲೋಗಳಿಗೆ ಎಫ್‌ಸಿಎಲ್‌ಐಪಿ. ಎರಡರಲ್ಲಿ ಸಣ್ಣದಾದ ಇನ್‌ಸ್ಟಿಟ್ಯೂಟಿನ ಆನ್‌ಲೈನ್ ಬಳಕೆದಾರರ ಗುಂಪು ಯುಕೋಲಗ್ ಕರಗಿಹೋಗಲಿಲ್ಲ. ಹೊಸ ಮನೆಯಲ್ಲಿ ವಿಶೇಷ ಆಸಕ್ತಿ ಗುಂಪಾಗಿ ಉಳಿದು, ಆಮೇಲೆ ಯುಕೆಇಐಜಿ ಎಂದು ಹೆಸರು ಬದಲಿಸಿಕೊಂಡಿತು. ಸಣ್ಣವರಿಗೆ ತಮ್ಮದೊಂದು ಕೋಣೆ, ತಮ್ಮದೊಂದು ಬಜೆಟ್ ಸಾಲು ಸಿಗದಿದ್ದರೆ ಅವರು ಎರಡನೇ ವರ್ಷ ಚಂದಾ ಕಟ್ಟುವುದಿಲ್ಲ.

ಗ್ರಂಥಾಲಯ ವಿಜ್ಞಾನದ ಪದವಿ ಇಲ್ಲದೆ ಕೆಲಸದಲ್ಲಿ ಪಳಗಿದವರಿಗೆ ಎಸಿಎಲ್‌ಐಪಿ ಎಂಬ ಮೆಟ್ಟಿಲು ಬಂದದ್ದು 2005ರಲ್ಲಿ. ಪಂಚಾಯಿತಿ ಮೇಲ್ವಿಚಾರಕರಿಗೆ ಇಂಥ ಮೆಟ್ಟಿಲು ಮೊದಲ ದಿನದಿಂದಲೇ ಬೇಕು. ಅವರನ್ನು 'ಸಹ ಸದಸ್ಯ' ಎಂದು ಬರೆದು ಮತವನ್ನೂ ಕೊಡದೆ ಮೇಲೇರುವ ದಾರಿಯನ್ನೂ ತೋರಿಸದಿದ್ದರೆ ಅದು ಅನ್ಯಾಯ.

'ಐದನೇ ಸೂತ್ರ' ಎಂಬ ಅಡ್ಡಹೆಸರಿನವರ ಉತ್ತರ:

ವಿಲೀನವೇ ಆಗಬೇಕೆಂದಿಲ್ಲ, ಒಕ್ಕೂಟವೂ ಇದೆ. ಕೆನಡಾದಲ್ಲಿ ಕೆನಡಿಯನ್ ಲೈಬ್ರರಿ ಅಸೋಸಿಯೇಷನ್ 2016ರಲ್ಲಿ ತನ್ನನ್ನೇ ವಿಸರ್ಜಿಸಿಕೊಳ್ಳಲು ಮತ ಹಾಕಿತು. ಅದರ ಜಾಗಕ್ಕೆ ಬಂದ ಒಕ್ಕೂಟದಲ್ಲಿ ಸದಸ್ಯರು ಸಂಘಗಳೇ, ವ್ಯಕ್ತಿಗಳಲ್ಲ. ನಮ್ಮ ದೇಶದಲ್ಲಿ ಇಂಡಿಯನ್ ಲೈಬ್ರರಿ ಅಸೋಸಿಯೇಷನ್ (1933) ಮತ್ತು ವಿಶೇಷ ಗ್ರಂಥಾಲಯ, ಮಾಹಿತಿ ಕೇಂದ್ರಗಳ ಸಂಘ ಐಯಾಸ್ಲಿಕ್ (1955) ಇವತ್ತಿಗೂ ಬೇರೆ ಬೇರೆಯೇ ಇವೆ. ಹಾಗಿರುವಾಗ ನಮ್ಮವರಿಗೆ ಒಕ್ಕೂಟ ಬೇಗ ಒಗ್ಗೀತು ಎನ್ನಿಸುತ್ತದೆ.

ಸೀಟು ಹಂಚುವಾಗ ಎಚ್ಚರ. ಸದಸ್ಯಬಲದ ಮೇಲೆ ಹಂಚಿದರೆ ದೊಡ್ಡದು ಉಳಿದವನ್ನು ನುಂಗುತ್ತದೆ. ಸಮಸಮ ಹಂಚಿದರೆ ಸೀಟಿಗಾಗಿ ಕಾಗದದ ಸಂಘಗಳು ಹುಟ್ಟುತ್ತವೆ. ಸಮಾನ ಸೀಟು ಕೊಟ್ಟು, ಹಿಂದಿನ 3 ವರ್ಷಗಳ ಆಡಿಟ್ ಆದ ಲೆಕ್ಕ ಮತ್ತು ನೋಂದಣಾಧಿಕಾರಿಗೆ ಸಲ್ಲಿಸಿದ ವಾರ್ಷಿಕ ಪಟ್ಟಿಯ ಸ್ವೀಕೃತಿ ಇದ್ದವರಿಗೆ ಮಾತ್ರ ಪ್ರವೇಶ ಎಂದಿಡಿ.

ಪರಾಮರ್ಶೆ ಮೇಜು:

ಒಕ್ಕೂಟಕ್ಕೆ ವೃತ್ತಿ ಅರ್ಹತೆ ಕೊಡುವ ಅಧಿಕಾರ ಕಟ್ಟಿಕೊಡುವುದು ಕಷ್ಟ, ಹಾಗಾಗಿ ವಿಲೀನದ ಕಡೆಗೇ ಒಲವು. ಕಾಗದಪತ್ರದ ಕೆಲಸ ಎಲ್ಲಿಂದ ಶುರು?

'ಅಕ್ಸೆಷನ್ ರಿಜಿಸ್ಟರ್' ಎಂಬ ಅಡ್ಡಹೆಸರಿನವರ ಉತ್ತರ:

ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರಡಿ ಹೊಸ ಸಂಘಕ್ಕೆ 7 ಜನ ಸಾಕು. ಅದಕ್ಕೇ 'ಹೊಸದೊಂದು ಮಾಡಿಬಿಡೋಣ, ಹಳೆಯವನ್ನು ಆಮೇಲೆ ನೋಡೋಣ' ಎನ್ನುತ್ತಾರೆ. ಹಳೆಯವು ಮುಚ್ಚುವುದೇ ಇಲ್ಲ, ಎರಡಿದ್ದದ್ದು ಮೂರಾಗುತ್ತದೆ. ಹೊಸ ಸಂಘಕ್ಕೆ ಹೊಸ ಪ್ಯಾನ್ ಬೇಕು. ಹಳೆಯದರ ಆದಾಯ ತೆರಿಗೆ ವಿನಾಯಿತಿ ನೋಂದಣಿ (1961ರ ಕಾಯ್ದೆಯಲ್ಲಿ 12ಎ, 80ಜಿ) ಅದಕ್ಕೆ ತಾನಾಗಿ ಬರುವುದಿಲ್ಲ. ಆದ್ದರಿಂದ ಲೆಕ್ಕಪತ್ರ ಚೊಕ್ಕವಾಗಿರುವ ಸಂಘವನ್ನು ಉಳಿಸಿ, ಅದರ ಉದ್ದೇಶ ಮತ್ತು ನಿಯಮ ತಿದ್ದಿ, ಇನ್ನೊಂದನ್ನು ಅದರೊಳಗೆ ತನ್ನಿ. ವಿಸರ್ಜನೆಯಾಗುವ ಸಂಘದ ಆಸ್ತಿಯನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ. ಠೇವಣಿ ರಸೀದಿ, ಕಂಪ್ಯೂಟರ್, ನಿಯತಕಾಲಿಕದ ಗುರುತು ಸಂಖ್ಯೆ ಐಎಸ್‌ಎಸ್‌ಎನ್, ವೆಬ್‌ಸೈಟಿನ ಡೊಮೇನ್ ಎಲ್ಲವನ್ನೂ ಪಟ್ಟಿ ಮಾಡಿ ಠರಾವಿಗೆ ಲಗತ್ತಿಸಿ. ಡೊಮೇನ್ ಬಹಳ ಸಲ ಮಾಜಿ ಕಾರ್ಯದರ್ಶಿಯ ಸ್ವಂತ ಇಮೇಲಿನಲ್ಲಿ ಇರುತ್ತದೆ, ಅದನ್ನು ಮೊದಲೇ ಬಿಡಿಸಿಕೊಳ್ಳಿ.

ಜಗಳ ಹುಟ್ಟುವುದು ಆಜೀವ ಸದಸ್ಯರ ಲೆಕ್ಕದಲ್ಲಿ. ಉದಾಹರಣೆಗೆ 400 ಆಜೀವ ಸದಸ್ಯರು, ವರ್ಷಕ್ಕೆ ನಿಯತಕಾಲಿಕದ 4 ಸಂಚಿಕೆ, ಒಂದು ಪ್ರತಿಗೆ ಮುದ್ರಣ ಮತ್ತು ಅಂಚೆ ಸೇರಿ ₹60 ಎಂದಿಟ್ಟುಕೊಳ್ಳಿ: ವರ್ಷಕ್ಕೆ ₹96,000 ಖರ್ಚು, ಬರುವ ಚಂದಾ ಸೊನ್ನೆ. ಆ 400 ಜನರ ಜೊತೆ ಅವರು ಕಟ್ಟಿದ ನಿಧಿಯೂ ಬರಬೇಕು. ನಿಧಿ ಈಗಾಗಲೇ ಖರ್ಚಾಗಿದ್ದರೆ ಮುಚ್ಚಿಡದೆ ಹೇಳಿ, ಮುದ್ರಿತ ಪ್ರತಿಯ ಬದಲು ಪಿಡಿಎಫ್ ಕಳಿಸಲು ಒಪ್ಪಿಗೆ ಪಡೆಯಿರಿ.

ಇನ್ನು ಸದಸ್ಯರ ಪಟ್ಟಿ. ಒಬ್ಬರೇ ಎರಡೂ ಸಂಘಗಳಲ್ಲಿ ಇರುತ್ತಾರೆ. ಒಂದರಲ್ಲಿ ಇನಿಷಿಯಲ್ ಹೆಸರಿನ ಮುಂದೆ, ಇನ್ನೊಂದರಲ್ಲಿ ಹಿಂದೆ. ಒಂದರಲ್ಲಿ 'ಗೌಡ', ಇನ್ನೊಂದರಲ್ಲಿ 'ಗೌಡರ್'. ವಿಳಾಸ ಮೂರು ವರ್ಗಾವಣೆಯ ಹಿಂದಿನದು. ಲೇಖಕರ ಹೆಸರಿಗೆ ನಾವು ಮಾಡುವ ಅಥಾರಿಟಿ ಕಂಟ್ರೋಲ್ (ಒಬ್ಬರ ಹೆಸರಿನ ಬೇರೆ ಬೇರೆ ರೂಪಗಳನ್ನು ಒಂದಕ್ಕೇ ಜೋಡಿಸುವುದು) ಇಲ್ಲೂ ಬೇಕು. ಹೆಸರಿನಿಂದ ಹೊಂದಿಸಬೇಡಿ. ಜನ್ಮದಿನಾಂಕ ಮತ್ತು ಮೊಬೈಲ್ ಸಂಖ್ಯೆಯಿಂದ ಹೊಂದಿಸಿ, ಉಳಿದ ಅನುಮಾನಗಳಿಗೆ ಫೋನ್ ಮಾಡಿ. ಹೊಸ ಸದಸ್ಯ ಸಂಖ್ಯೆ ಕೊಟ್ಟರೂ ಹಳೆಯ ಎರಡೂ ಸಂಖ್ಯೆಗಳನ್ನು ಪಕ್ಕದ ಕಾಲಂಗಳಲ್ಲಿ ಉಳಿಸಿ. ಕರಡು ಮತದಾರರ ಪಟ್ಟಿಯನ್ನು 30 ದಿನ ಆಕ್ಷೇಪಣೆಗೆ ಬಿಟ್ಟು, ಆಮೇಲೆ ಚುನಾವಣೆಯ ದಿನ ನಿಗದಿ ಮಾಡಿ. ಎರಡು ಸಲ ಎಣಿಕೆಯಾದ ಹೆಸರುಗಳು ಆ ಪಟ್ಟಿಯಲ್ಲಿ ಉಳಿದಿದ್ದರೆ, ಸೋತವರು ಮೊದಲು ಪ್ರಶ್ನಿಸುವುದೇ ಅದನ್ನು.